ಹೆಗ್ಗೋಡಿಗೆ ಬಂದ ರಾಶೋಮನ್

ಸಾಗರದಿಂದ ಹೆಗ್ಗೋಡಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ರಸ್ತೆಯ ಬದಿಗೆ ಅಡಿಕೆ ತೋಟ, ತೋಟದ ನೆತ್ತಿಗೆ ಸೊಪ್ಪಿನ ಬೆಟ್ಟ, ನಡುನಡುವೆ ಹೆಂಚಿನ ಮನೆಗಳು. ಊರೆಂದರೆ ಒತ್ತೊತ್ತಾದ ಬೀದಿಗಳಲ್ಲ; ತೋಟದ ಮಗ್ಗುಲಲ್ಲಿ ಚದುರಿಕೊಂಡ ಮನೆಗಳು, ಒಂದಷ್ಟು ಅಂಗಡಿ, ಬಸ್ಸು ನಿಲ್ಲುವ ಒಂದು ಜಾಗ. ಪಿಕ್ಚರ್ ನೋಡಬೇಕೆಂದರೆ ಸಾಗರಕ್ಕೇ ಹೋಗಬೇಕು. ಅಂಥ ಊರಿನ ಜನ 1970ರ ದಶಕದ ಉತ್ತರಾರ್ಧದಲ್ಲಿ ತೋಟದ ಕೆಲಸ ಮುಗಿಸಿ ಬಂದು ಜಪಾನಿನ ಅಕಿರಾ ಕುರೊಸಾವಾ, ಇಟಲಿಯ ವಿಟ್ಟೋರಿಯೊ ಡಿ ಸಿಕಾ, ಬಂಗಾಳದ ಸತ್ಯಜಿತ್ ರಾಯ್ ಮಾಡಿದ ಚಿತ್ರಗಳ ಮುಂದೆ ಕೂತರು.

ಆ ಕಾಲಕ್ಕೆ ಇಂಥ ಚಿತ್ರಗಳನ್ನು ನೋಡುವುದು ಬೆಂಗಳೂರಿನವರಿಗೂ ಸುಲಭವಿರಲಿಲ್ಲ. ಫಿಲ್ಮ್ ಸೊಸೈಟಿಯ ಸದಸ್ಯರಾಗಬೇಕು, ಚಂದಾ ಕಟ್ಟಬೇಕು, ಯಾವುದೋ ರಾಯಭಾರ ಕಚೇರಿಯಿಂದ ಪ್ರಿಂಟ್ ಬರುವ ದಿನಕ್ಕೆ ಕಾಯಬೇಕು. ಹಳ್ಳಿಯವರಿಗೆ ಅವು ಅಲ್ಲ ಎಂಬುದು ಯಾರೂ ಬರೆದಿಡದೆಯೂ ಎಲ್ಲರೂ ಒಪ್ಪಿಕೊಂಡಿದ್ದ ಮಾತಾಗಿತ್ತು. ಹೆಗ್ಗೋಡಿನ ಚಲನಚಿತ್ರೋತ್ಸವ ಆ ಮಾತನ್ನು ಒಪ್ಪಲಿಲ್ಲ. ಇಂದು ನಾಡಿನ ಸಣ್ಣ ಊರುಗಳಲ್ಲಿ ಸ್ವತಂತ್ರ ಚಿತ್ರಗಳ ಉತ್ಸವ ಮಾಡಬೇಕೆಂದು ಹೊರಡುವ ಯಾರೇ ಆದರೂ ಒಮ್ಮೆ ಈ ಊರಿನ ಕತೆಯನ್ನು ಕೇಳಬೇಕು.

ಕತೆ ಶುರುವಾಗುವುದು ಸಿನಿಮಾದಿಂದಲ್ಲ, ನಾಟಕದಿಂದ. 1949ರಲ್ಲಿ ಊರಿನ ಕೆಲವರು ಕೂಡಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಉದ್ದ ಹೆಸರಿನ ಮೊದಲಕ್ಷರಗಳು ಕೂಡಿ ಅದು ನೀನಾಸಮ್ ಆಯಿತು. ಆಗ ಕೆ.ವಿ. ಸುಬ್ಬಣ್ಣನವರಿಗೆ ಇನ್ನೂ ಹದಿನೇಳು ವರ್ಷ. ಮುಂದೆ ಮೈಸೂರಿನಲ್ಲಿ ಓದಿ, ಊರಿಗೇ ಮರಳಿ, ಅಡಿಕೆ ಬೆಳೆಯುತ್ತ, ಅಕ್ಷರ ಪ್ರಕಾಶನದ ಪುಸ್ತಕಗಳನ್ನು ತರುತ್ತ, ನಾಟಕ ಆಡಿಸುತ್ತ ಅವರು ಈ ಸಂಘವನ್ನು ಬೆಳೆಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷ, 1973ರಲ್ಲಿ, ನೀನಾಸಮ್ ಚಿತ್ರಸಮಾಜ ಹುಟ್ಟಿತು. ನಾಟಕಶಾಲೆ ಬಂದದ್ದು 1980ರಲ್ಲಿ, ಊರೂರು ಸುತ್ತಿ ನಾಟಕ ಆಡುವ ತಂಡ ‘ತಿರುಗಾಟ’ 1985ರಲ್ಲಿ. ವರ್ಷಗಳನ್ನು ಹೀಗೆ ಸಾಲಾಗಿ ಇಟ್ಟು ನೋಡಿದರೆ ಸೋಜಿಗವೆನಿಸುತ್ತದೆ: ಇವತ್ತು ನಾಟಕಕ್ಕೆ ಹೆಸರಾದ ಈ ಊರಿನಲ್ಲಿ ನಾಟಕ ಕಲಿಸುವ ಶಾಲೆಗಿಂತ ಏಳು ವರ್ಷ ಮೊದಲೇ ಸಿನಿಮಾ ನೋಡುವವರ ಸಂಘ ಇತ್ತು.

ಅದೇ ಹೊತ್ತಿಗೆ ಕನ್ನಡ ಸಿನಿಮಾದಲ್ಲಿಯೂ ದೊಡ್ಡ ಗಾಳಿ ಬೀಸುತ್ತಿತ್ತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ‘ಸಂಸ್ಕಾರ’ ಮಾಡಿದರು. ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದಿಂದ ಬಂದ ಟಾಮ್ ಕೋವನ್. ಚಿತ್ರೀಕರಣ ನಡೆದದ್ದು ಶೃಂಗೇರಿ ಸೀಮೆಯ ಅಗ್ರಹಾರದಲ್ಲಿ. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಆ ಚಿತ್ರ ಕೊನೆಗೆ ಬಿಡುಗಡೆಯಾಗಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರ ‘ವಂಶವೃಕ್ಷ’, ಕಾರ್ನಾಡರ ‘ಕಾಡು’, ಕಾರಂತರ ‘ಚೋಮನ ದುಡಿ’ ಒಂದರ ಹಿಂದೊಂದು ಬಂದವು. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ತೀರ್ಥಹಳ್ಳಿ ತಾಲ್ಲೂಕಿನ ಈ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದವರು, ಸುಬ್ಬಣ್ಣನವರ ಸೋದರಳಿಯ. ಸಿನಿಮಾ ಮಾಡುವವರು ಹೀಗೆ ಮಲೆನಾಡಿನಿಂದಲೇ ಎದ್ದು ಬರುತ್ತಿದ್ದರು. ಅದನ್ನು ನೋಡುವವರೂ ಅಲ್ಲಿಂದಲೇ ಎದ್ದು ಬರಬೇಕೆಂಬುದು ಚಿತ್ರಸಮಾಜದ ಹಟ.

ಚಿತ್ರಗಳು ಬರಬೇಕಾದದ್ದು ಪುಣೆಯಿಂದ. ಅಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿತ್ತು. ಅದನ್ನು ಡಬ್ಬಿ ಡಬ್ಬಿ ಕೂಡಿಸಿ ಕಟ್ಟಿದ ಪಿ.ಕೆ. ನಾಯರ್ ಇದ್ದರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಇಂದಿಗೆ ತುಣುಕಾಗಿಯಾದರೂ ಉಳಿದಿದ್ದರೆ ಅದಕ್ಕೆ ಕಾರಣ ಅವರೇ. 1934ರ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ ಎಂಬುದನ್ನು ನೆನೆದರೆ ಇಂಥ ಒಬ್ಬ ಮನುಷ್ಯನ ಬೆಲೆ ತಿಳಿದೀತು. ಸಂಗ್ರಹಾಲಯ ನೋಡಿಕೊಳ್ಳುವವರಿಗೆ ಸಹಜವಾಗಿ ಒಂದು ಜಿಪುಣತನವಿರುತ್ತದೆ. ಪ್ರಿಂಟ್ ಹೊರಗೆ ಹೋದರೆ ಗೀರು ಬೀಳುತ್ತದೆ, ಹರಿಯುತ್ತದೆ, ಕಳೆದುಹೋಗುತ್ತದೆ. ನಾಯರ್ ಮಾತ್ರ ಕೂಡಿಸಿಟ್ಟದ್ದನ್ನು ಜನ ನೋಡಲೇಬೇಕು ಎಂದು ನಂಬಿದವರು. ಅವರ ಜೊತೆ ಸತೀಶ್ ಬಹಾದ್ದೂರ್. ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣದ ಪ್ರಾಧ್ಯಾಪಕರು. ‘ಪಥೇರ್ ಪಾಂಚಾಲಿ’ಯನ್ನು ಶಾಟ್ ಶಾಟಾಗಿ ಬಿಡಿಸಿ ಪಾಠ ಮಾಡುತ್ತಿದ್ದ ಮೇಷ್ಟ್ರು. ಈ ಇಬ್ಬರೂ ಹೆಗ್ಗೋಡಿನ ಬೆನ್ನಿಗೆ ನಿಂತರು.

ಅಡಿಕೆ ಬೆಳೆಗಾರರ ಊರಿಗೆ ಯಾವ ಸಿನಿಮಾ ತರಬೇಕು? ಸುಲಭದ ದಾರಿ ಇತ್ತು. ಕೃಷಿಯ ಬಗ್ಗೆ, ಆರೋಗ್ಯದ ಬಗ್ಗೆ ಸರ್ಕಾರ ಮಾಡಿಸಿದ ಸಾಕ್ಷ್ಯಚಿತ್ರ ತೋರಿಸಬಹುದಿತ್ತು. ‘ಹಳ್ಳಿಯವರಿಗೆ ಅರ್ಥವಾಗುವಂಥ’ ಹಾಡು-ಕುಣಿತದ ಚಿತ್ರ ತರಬಹುದಿತ್ತು. ಹೆಗ್ಗೋಡಿನವರು ಜಗತ್ತಿನ ಅತ್ಯುತ್ತಮ ಚಿತ್ರಗಳನ್ನೇ ಕೇಳಿದರು. ಆ ಆಯ್ಕೆಯ ಹಿಂದೆ ಜನರ ಬಗ್ಗೆ ಒಂದು ದೊಡ್ಡ ಗೌರವವಿದೆ. ಉತ್ಸವದ ಜೀವ ಇದ್ದದ್ದೇ ಅಲ್ಲಿ.

‘ಬೈಸಿಕಲ್ ಥೀವ್ಸ್’ ತೆಗೆದುಕೊಳ್ಳಿ. 1948ರ ಚಿತ್ರ. ಯುದ್ಧ ಮುಗಿದ ರೋಮ್ ನಗರ, ಕೆಲಸವಿಲ್ಲದೆ ಅಲೆಯುವ ಅಂತೋನಿಯೊ. ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಹೆಂಡತಿ ಮದುವೆಯಲ್ಲಿ ಬಂದ ಹಾಸಿಗೆಯ ಹೊದಿಕೆಗಳನ್ನೆಲ್ಲ ಅಡವಿಟ್ಟು, ಅಡವಿಟ್ಟಿದ್ದ ಸೈಕಲ್ ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಅಪ್ಪ-ಮಗ ಇಬ್ಬರೂ ಊರೆಲ್ಲ ಹುಡುಕುತ್ತಾರೆ. ಈ ಕತೆ ತಿಳಿಯಲು ಇಟಾಲಿಯನ್ ಬರಬೇಕೆ? ಒಡವೆ ಅಡವಿಟ್ಟು ಬೀಜ-ಗೊಬ್ಬರ ತಂದವರಿಗೆ, ಸೊಸೈಟಿಯ ಸಾಲದ ಕಂತಿಗೆ ಅಡಿಕೆಯ ಧಾರಣೆ ಕಾಯುತ್ತ ಕೂತವರಿಗೆ ಆ ಅಡವಿನಂಗಡಿಯ ದೃಶ್ಯ ಯಾರೂ ವಿವರಿಸಬೇಕಾದದ್ದಲ್ಲ. ಹಾಲಿವುಡ್ಡಿನ ನಿರ್ಮಾಪಕನೊಬ್ಬ ಕ್ಯಾರಿ ಗ್ರಾಂಟ್‌ನನ್ನು ನಾಯಕನಾಗಿಸಿದರೆ ಹಣ ಕೊಡುತ್ತೇನೆ ಎಂದಿದ್ದ. ಡಿ ಸಿಕಾ ಒಪ್ಪಲಿಲ್ಲ; ಕಾರ್ಖಾನೆಯ ಕಾರ್ಮಿಕ ಲಾಂಬೆರ್ತೊ ಮಜ್ಜೊರಾನಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಸ್ವತಂತ್ರ ಸಿನಿಮಾ ಎಂಬ ಮಾತಿಗೆ ಹತ್ತಾರು ವ್ಯಾಖ್ಯಾನಗಳಿವೆ. ಹಣ ಕೊಡುವವನು ಹೇಳಿದ ಮುಖವನ್ನು ಬೇಡವೆನ್ನುವ ಈ ಧೈರ್ಯ ಅವುಗಳಲ್ಲಿ ಬಹುಶಃ ಎಲ್ಲಕ್ಕಿಂತ ಸರಳವಾದದ್ದು.

‘ಪಥೇರ್ ಪಾಂಚಾಲಿ’ಯಂತೂ ಮಲೆನಾಡಿಗೆ ಪರವೂರಿನ ಚಿತ್ರವೇ ಅಲ್ಲ. ಪೌರೋಹಿತ್ಯದಿಂದ ಹೊಟ್ಟೆ ತುಂಬದ ಹರಿಹರ, ಅವನು ದೂರ ಹೋದಾಗ ಮನೆ ನಡೆಸಲು ಪಾಡು ಪಡುವ ಸರ್ವಜಯಾ, ಪಕ್ಕದ ತೋಟದ ಹಣ್ಣು ಕದಿಯುವ ದುರ್ಗಾ, ಯಾರಿಗೂ ಬೇಡವಾದ ಮುದುಕಿ ಇಂದಿರ್ ಠಾಕ್ರುಣ್. ಮಳೆಯಲ್ಲಿ ನೆನೆದ ಹುಡುಗಿ ಜ್ವರ ಬಂದು ಮಲಗುತ್ತಾಳೆ; ಹೊರಗೆ ಬಿರುಗಾಳಿ, ಮುರುಕು ಬಾಗಿಲು, ಆರುವ ದೀಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡದ ಸೀಮೆಯವರಿಗೆ ಆ ರಾತ್ರಿ ಹೇಗಿರುತ್ತದೆಂದು ಗೊತ್ತು.

ಆ ಚಿತ್ರ ಹುಟ್ಟಿದ ಬಗೆಯೂ ತೋಟದವರಿಗೆ ಹೇಳುವಂಥದೇ. 1952ರ ಅಕ್ಟೋಬರಿನಲ್ಲಿ ರಾಯ್ ಬಿಳಿ ಹೂವಿನ ಕಾಶ ಹುಲ್ಲಿನ ಬಯಲಿನಲ್ಲಿ ಚಿತ್ರೀಕರಣ ಶುರುಮಾಡಿದರು. ರಜೆಯ ದಿನಗಳಲ್ಲಷ್ಟೆ ಕೆಲಸ. ಮುಂದಿನ ವಾರ ಬಂದು ನೋಡಿದರೆ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು! ಮತ್ತೆ ಹೂ ಬಿಡುವ ಋತುವಿಗೆ ಕಾಯಬೇಕಾಯಿತು. ಜೀವವಿಮೆಯ ಪಾಲಿಸಿ, ಹೆಂಡತಿಯ ಒಡವೆ ಅಡವು ಹೋದವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಚಿತ್ರದ ಹೆಸರಿನಲ್ಲಿ ‘ದಾರಿ’ ಇದ್ದುದರಿಂದ ಆ ಹಣ ರಸ್ತೆ ಅಭಿವೃದ್ಧಿಯ ಲೆಕ್ಕದಿಂದ ಬಂತು. ಸುಮಾರು ಮೂರು ವರ್ಷ ಎಳೆದಾಡಿ ಮುಗಿದ ಚಿತ್ರ 1955ರಲ್ಲಿ ತೆರೆಗೆ ಬಂತು. ಬೆಳೆಗೆ ಕಾಯುವಂತೆ ಸಿನಿಮಾಕ್ಕೆ ಕಾದ ಕತೆ ಇದು.

ಕಷ್ಟವಾಗಬೇಕಾದದ್ದು ‘ರಾಶೋಮನ್’. ಪಂಡಿತರನ್ನೂ ಗೊಂದಲಕ್ಕೆ ಕೆಡವಿದ ಚಿತ್ರವೆಂಬ ಹೆಸರು ಅದಕ್ಕಿದೆ. ಕಾಡಿನಲ್ಲಿ ಒಬ್ಬ ಸಮುರಾಯಿ ಸತ್ತಿದ್ದಾನೆ, ಅವನ ಹೆಂಡತಿಯ ಮೇಲೆ ಬಲಾತ್ಕಾರವಾಗಿದೆ. ಡಕಾಯಿತ ಒಂದು ಹೇಳುತ್ತಾನೆ, ಹೆಂಡತಿ ಇನ್ನೊಂದು, ಸತ್ತವನ ಆತ್ಮ ಆವೇಶ ಬಂದ ಹೆಂಗಸಿನ ಬಾಯಲ್ಲಿ ಮತ್ತೊಂದು, ಎಲ್ಲವನ್ನೂ ಕಂಡ ಸೌದೆ ಕಡಿಯುವವನು ಮಗದೊಂದು. ನಿಜ ಯಾವುದೆಂದು ಚಿತ್ರ ಹೇಳುವುದಿಲ್ಲ. ಅದನ್ನು ತಯಾರಿಸಿದ ಸ್ಟುಡಿಯೊದ ಮುಖ್ಯಸ್ಥನಿಗೇ ಅದು ಅರ್ಥವಾಗಿರಲಿಲ್ಲ. 1951ರಲ್ಲಿ ವೆನಿಸ್ ಉತ್ಸವದ ದೊಡ್ಡ ಬಹುಮಾನ ಬಂದಾಗ, ತನ್ನ ಚಿತ್ರ ಅಲ್ಲಿಗೆ ಹೋಗಿದೆಯೆಂಬುದೇ ಕುರೊಸಾವಾಗೆ ಗೊತ್ತಿರಲಿಲ್ಲ.

ಆದರೆ ಈ ಚಿತ್ರವನ್ನು ನೋಡುವ ತಯಾರಿ ಮಲೆನಾಡಿಗೆ ತಲೆಮಾರುಗಳಿಂದ ಆಗಿತ್ತು. ಸಾಗರ, ಸಿದ್ದಾಪುರ, ಹೊನ್ನಾವರದ ಕಡೆ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ತಮ್ಮ ತಮ್ಮ ಪಾತ್ರದ ಪಕ್ಷ ಹಿಡಿದು ವಾದಿಸುತ್ತಾರೆ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ, ರಾಮ ಉತ್ತರ ಕೊಡುತ್ತಾನೆ. ಕೇಳುತ್ತ ಕೂತವರು ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ವಾಲುತ್ತಾರೆ. ಬೆಳಕು ಹರಿದರೂ ತೀರ್ಪು ಬರುವುದಿಲ್ಲ. ಬರಬೇಕೆಂದು ಯಾರೂ ಕೇಳುವುದೂ ಇಲ್ಲ. ಒಂದು ಘಟನೆಗೆ ಅದರೊಳಗಿದ್ದವರಷ್ಟೇ ಸತ್ಯಗಳಿರುತ್ತವೆ ಎಂಬುದನ್ನು ಹೀಗೆ ಕೇಳಿ ಬೆಳೆದವರಿಗೆ ‘ರಾಶೋಮನ್’ ಒಗಟಲ್ಲ; ಜಪಾನೀ ಭಾಷೆಯ ಒಂದು ಒಳ್ಳೆಯ ಪ್ರಸಂಗ. ಕುರೊಸಾವಾನ ಅಣ್ಣ ಹೈಗೊ ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕತೆಯನ್ನು ಬಾಯಲ್ಲಿ ಆಡಿ ತೋರಿಸುವ ‘ಬೆನ್ಶಿ’ಯಾಗಿದ್ದ. ಚಿತ್ರಕ್ಕೊಬ್ಬ ಅರ್ಥಧಾರಿ. ತಮ್ಮ ಮಾಡಿದ ಚಿತ್ರ ಮಾತಿನ ಕಲೆಯ ಈ ಸೀಮೆಗೆ ಬಂದು ತಲುಪಿದ್ದರಲ್ಲಿ ಒಂದು ಬಗೆಯ ನ್ಯಾಯವಿದೆ.

ತೋರಿಸಿ ಕೈತೊಳೆದುಕೊಂಡಿದ್ದರೆ ಹೆಗ್ಗೋಡಿನ ಪ್ರಯತ್ನ ಒಂದು ಒಳ್ಳೆಯ ನೆನಪಾಗಿ ಮುಗಿಯುತ್ತಿತ್ತು. ಆದರೆ ಉತ್ಸವದ ಬೆನ್ನಲ್ಲೇ ರಸಗ್ರಹಣ ಶಿಬಿರಗಳು ಶುರುವಾದವು. ಹತ್ತು ದಿನ ಜೊತೆಗೆ ಇದ್ದು, ಜೊತೆಗೆ ಉಂಡು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಚಿತ್ರ ನೋಡುವುದು, ಅದರ ಬಗ್ಗೆ ಮಾತಾಡುವುದು. ಕ್ಯಾಮೆರಾ ಯಾಕೆ ಇಲ್ಲಿ ನಿಂತಿತು, ಈ ದೃಶ್ಯ ಯಾಕೆ ಇಷ್ಟು ಬೇಗ ಮುಗಿಯಿತು, ಸದ್ದಿಲ್ಲದ ಆ ಅರೆನಿಮಿಷ ಏನು ಹೇಳಿತು? ಇಂಥ ಪ್ರಶ್ನೆಗಳನ್ನು ಶಾಲಾ ಮೇಷ್ಟ್ರು, ಕೃಷಿಕರು, ವಿದ್ಯಾರ್ಥಿಗಳು ಕನ್ನಡದಲ್ಲಿ ಕೇಳುವುದಕ್ಕೆ ಒಂದು ಜಾಗ ಸಿಕ್ಕಿತು. 1980ರ ದಶಕದ ಮೊದಲ ಭಾಗದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನ ‘ಜನಸ್ಪಂದನ’ ಯೋಜನೆ ಬಂದಾಗ ನಾಟಕದ ಜೊತೆ ಸಿನಿಮಾವೂ ಕರ್ನಾಟಕದ ಬೇರೆ ಬೇರೆ ಊರುಗಳಿಗೆ ಹೋಯಿತು. ಹೆಗ್ಗೋಡಿನ ಆ ರಸಗ್ರಹಣ ಶಿಬಿರಗಳೇ ಮುಂದೆ ಹಿಗ್ಗಿ, ನಾಟಕ, ಸಂಗೀತ, ಸಾಹಿತ್ಯವನ್ನೆಲ್ಲ ಒಳಗೊಂಡು, ಅಕ್ಟೋಬರಿನ ಸಂಸ್ಕೃತಿ ಶಿಬಿರವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಊರಿನ ಹೆಸರು ಜಗತ್ತಿಗೆ ತಿಳಿಯಿತು.

ಇದೆಲ್ಲ ಹದಿನಾರು ಎಂಎಂ ಕಾಲದ ಮಾತು. ಟಾಕೀಸಿನ ಮೂವತ್ತೈದು ಎಂಎಂ ಯಂತ್ರ ಭಾರದ್ದು. ಹದಿನಾರರ ಪ್ರೊಜೆಕ್ಟರನ್ನು ಒಬ್ಬ ಮನುಷ್ಯ ಎತ್ತಿ ಬಸ್ಸಿಗೆ ಹಾಕಬಹುದು. ದೊಡ್ಡ ರೀಲೊಂದರಲ್ಲಿ ಹಿಡಿಯುವುದು ಮುಕ್ಕಾಲು ಗಂಟೆಯ ಚಿತ್ರ. ಯಂತ್ರ ಒಂದೇ ಇದ್ದರೆ ರೀಲು ಮುಗಿದಾಗ ದೀಪ ಹಾಕಿ, ಹೊಸ ರೀಲು ಪೋಣಿಸುವವರೆಗೆ ಜನ ಕಾಯಬೇಕು. ಕರೆಂಟು ಹೋದರೆ ಇನ್ನಷ್ಟು ಕಾಯಬೇಕು. ಆ ಬಿಡುವು ಊರಿನ ಪ್ರದರ್ಶನಗಳ ಸೊಗಸುಗಳಲ್ಲಿ ಒಂದು. ಪಕ್ಕದಲ್ಲಿ ಕೂತವರ ಜೊತೆ ಒಂದು ಮಾತು, ಏನಾದೀತೆಂಬ ಒಂದು ಊಹೆ, ಒಂದು ಜಗಳ. ಮೊಬೈಲಿನಲ್ಲಿ ಒಬ್ಬರೇ ನೋಡುವ ಸಿನಿಮಾಕ್ಕೆ ಈ ಭಾಗ್ಯವಿಲ್ಲ.

ಪಿ.ಕೆ. ನಾಯರ್ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ದೇಶದ ದೊಡ್ಡ ದೊಡ್ಡ ನಿರ್ದೇಶಕರೆಲ್ಲ ಅದರಲ್ಲಿ ಮಾತಾಡುತ್ತಾರೆ. ಅವರ ನಡುವೆ ಹೆಗ್ಗೋಡಿನ ಕೃಷಿಕರೂ ಬರುತ್ತಾರೆ. ತಾವು ಕಂಡ ಜಗತ್ತಿನ ಸಿನಿಮಾಗಳನ್ನು ನೆನೆಯುತ್ತಾರೆ. ಮೂರು ದಶಕ ಕಳೆದ ಮೇಲೂ ಆ ನೆನಪಿಗೆ ಮುಕ್ಕು ಬಂದಿಲ್ಲ. ನಾಯರ್ ತಮ್ಮ ಜೀವಮಾನದಲ್ಲಿ ಸುಮಾರು ಹನ್ನೆರಡು ಸಾವಿರ ಚಿತ್ರಗಳನ್ನು ಕೂಡಿಸಿದವರು. ಆ ಡಬ್ಬಿಗಳ ರಾಶಿಗೆ ಅರ್ಥ ಬಂದದ್ದು ಇಂಥ ಮುಖಗಳಲ್ಲಿ ಎಂಬುದು ಆ ಸಾಕ್ಷ್ಯಚಿತ್ರ ನೋಡಿದವರಿಗೆ ಹೊಳೆಯದೆ ಇರದು.

ಹೆಗ್ಗೋಡಿನ ಹಾಗೆ ಸಣ್ಣ ಊರಿನ ಪರದೆಯನ್ನು ನಂಬಿದವರು ಬೇರೆ ಕಡೆಯೂ ಇದ್ದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ‘ಒಡೆಸ್ಸಾ’ ಬಳಗ ಊರೂರಿಗೆ ಹೋಗಿ ಚಾಪ್ಲಿನ್‌ನ ‘ದಿ ಕಿಡ್’ ತೋರಿಸಿ, ನೋಡಿದವರಿಂದ ಚಿಲ್ಲರೆ ಕೂಡಿಸಿ, ಆ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರ ಮಾಡಿತು. ನೋಡುಗರೇ ನಿರ್ಮಾಪಕರಾದ ಚಿತ್ರ. ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ 2006ರಲ್ಲಿ ಜನ ಸಂಸ್ಕೃತಿ ಮಂಚ್‌ನವರು ಶುರುಮಾಡಿದ ‘ಪ್ರತಿರೋಧ್ ಕಾ ಸಿನಿಮಾ’ ಉತ್ಸವ ಕಂಪನಿಗಳ ಪ್ರಾಯೋಜಕತ್ವವನ್ನು ಬೇಡವೆಂದು, ನೋಡುವವರು ಕೊಟ್ಟ ಹಣದಲ್ಲೇ ನಡೆದು, ಪಟ್ನಾ, ನೈನಿತಾಲ್, ಉದಯಪುರಗಳಿಗೂ ಹಬ್ಬಿತು. 2012ರಲ್ಲಿ ಹಿಮಾಲಯದ ಮಡಿಲಿನ ಧರ್ಮಶಾಲೆಯಲ್ಲಿ ರಿತು ಸರಿನ್ ಮತ್ತು ತೆನ್ಜಿಂಗ್ ಸೋನಮ್ ಎಂಬ ನಿರ್ದೇಶಕ ದಂಪತಿ ಸ್ವತಂತ್ರ ಚಿತ್ರಗಳ ಉತ್ಸವ ಆರಂಭಿಸಿದರು. ಸ್ಪರ್ಧೆಯಿಲ್ಲ, ಬಹುಮಾನದ ಗದ್ದಲವಿಲ್ಲ. ಟಿಬೆಟನ್ ನಿರಾಶ್ರಿತರು ಕಟ್ಟಿಕೊಂಡ ಸಂಸ್ಥೆಗಳ ಸಭಾಂಗಣಗಳೇ ಅದರ ಚಿತ್ರಮಂದಿರ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ವಸಾಹತುಗಳನ್ನು ದಶಕಗಳಿಂದ ಬಲ್ಲ ಕನ್ನಡಿಗರಿಗೆ ಆ ಉತ್ಸವದ ಹಿನ್ನೆಲೆ ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ಸ್ವತಂತ್ರ ಸಿನಿಮಾಕ್ಕೆ ಈಗ ಒಳ್ಳೆಯ ಕಾಲವೆಂದೇ ಹೇಳಬೇಕು, ಕನಿಷ್ಠ ಮಾಡುವವರ ಮಟ್ಟಿಗೆ. ಪವನ್ ಕುಮಾರ್ ಅಂತರ್ಜಾಲದಲ್ಲಿ ಕರೆಕೊಟ್ಟು ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ‘ಲೂಸಿಯಾ’ 2013ರಲ್ಲಿ ತೆರೆಗೆ ಬಂತು. 2015ರಲ್ಲಿ ರಾಮ್ ರೆಡ್ಡಿಯವರ ‘ತಿಥಿ’ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಬಹುಮಾನ ಗೆದ್ದಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಅದರ ನಟರು. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ತಂದೆಯನ್ನೇ ನಾಯಕನಾಗಿಸಿ ಮಾಡಿದ ‘ಪೆದ್ರೊ’ 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವಕ್ಕೆ ಹೋಯಿತು. ಮರುವರ್ಷ ಅದೇ ಬುಸಾನ್‌ನಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಬಹುಮಾನ ಪಡೆಯಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಡ ಹೆಣ್ಣುಮಗಳೊಬ್ಬಳು ಸರಪಳಿ ವ್ಯಾಪಾರದ ಪೇಯಕ್ಕೆ ತನ್ನ ದುಡ್ಡೆಲ್ಲ ಸುರಿಯುವ ಕತೆ. ಪಾತ್ರ ಮಾಡಿದವರು ಆ ಸೀಮೆಯವರೇ. 2024ರಲ್ಲಿ ಮೈಸೂರಿನ ಚಿದಾನಂದ ನಾಯ್ಕ್ ಅವರ ಕಿರುಚಿತ್ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಗೇ ಆಗದೆ ಹೋದ ನಮ್ಮ ಜನಪದ ಕತೆ ಅದರ ಮೂಲ. 2025ರಲ್ಲಿ ನಟೇಶ್ ಅವರ ‘ವಾಘಾಚಿಪಾಣಿ’, ಅಮರೇಶ ನುಗಡೋಣಿಯವರ ಕತೆ ಆಧರಿಸಿದ್ದು, ಬರ್ಲಿನ್‌ಗೆ ಹೋಯಿತು.

ಈ ಪಟ್ಟಿಯಲ್ಲಿರುವ ಊರುಗಳನ್ನು ನೋಡಿ. ನೊದೆಕೊಪ್ಪಲು, ಯರೇಹಂಚಿನಾಳ, ಉತ್ತರ ಕನ್ನಡದ ಕಾಡಂಚು. ಚಿತ್ರಗಳು ಹುಟ್ಟುತ್ತಿರುವುದು ಅಲ್ಲಿ. ಅವನ್ನು ನೋಡಿ ಚಪ್ಪಾಳೆ ತಟ್ಟುತ್ತಿರುವುದು ಬುಸಾನ್, ಲೊಕಾರ್ನೊ, ಬರ್ಲಿನ್. ನಡುವಿನ ಕೊಪ್ಪಳ, ಹಾವೇರಿ, ಸಾಗರ, ಚಾಮರಾಜನಗರಗಳಲ್ಲಿ ಇಂಥ ಚಿತ್ರ ಬಂದರೂ ಒಂದು ವಾರ, ಒಂದು ಆಟ, ಅದೂ ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ. ಕೆಲಸಕ್ಕೆ ಹೋಗುವ ಯಾರೂ ನೋಡಲಾಗದ ಹೊತ್ತು. ಜನ ಬರಲಿಲ್ಲ ಎಂದು ಸೋಮವಾರ ತೆಗೆಯುತ್ತಾರೆ. ಜನರಿಗೆ ಇಂಥದು ಬೇಡ ಎಂಬ ಹಳೆಯ ಮಾತು ಮತ್ತೆ ಗಟ್ಟಿಯಾಗುತ್ತದೆ. ಹೆಗ್ಗೋಡು ಅರ್ಧ ಶತಮಾನದ ಹಿಂದೆಯೇ ಸುಳ್ಳೆಂದು ತೋರಿಸಿಕೊಟ್ಟ ಮಾತು ಅದು. ಇದು ಯಾವೊಬ್ಬ ಚಿತ್ರಮಂದಿರದವರ ತಪ್ಪಲ್ಲ. ಖಾಲಿ ಕುರ್ಚಿಗಳಿಗೆ ಕರೆಂಟು ಬಿಲ್ಲು ಕಟ್ಟಲು ಯಾರಿಗೂ ಆಗುವುದಿಲ್ಲ. ಆದರೆ ನೋಡುಗರು ತಾವಾಗಿಯೇ ಮೊಳೆಯುವುದಿಲ್ಲ. ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ಅಷ್ಟೂ ವರ್ಷ ನೀರು, ಗೊಬ್ಬರ, ನೆರಳು ಕೊಡುತ್ತಾರೆ. ಹೆಗ್ಗೋಡಿನವರು ನೋಡುಗರ ವಿಷಯದಲ್ಲಿ ಮಾಡಿದ್ದೂ ಇದನ್ನೇ.

ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ಈಗ ದೊಡ್ಡದಾಗಿ ನಡೆಯುತ್ತದೆ. 1971ರಲ್ಲಿ ಹುಟ್ಟಿದ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು ದಶಕಗಳ ಕಾಲ ನೆಲ ಹದಮಾಡದಿದ್ದರೆ ಅದು ಆಗುತ್ತಿರಲಿಲ್ಲ. ದೊಡ್ಡ ಉತ್ಸವಕ್ಕೆ ಅದರದೇ ಕೆಲಸವಿದೆ: ನೂರಾರು ಚಿತ್ರ, ಹೊರದೇಶದ ಅತಿಥಿಗಳು, ಮಾರುವವರು-ಕೊಳ್ಳುವವರು. ಸಣ್ಣ ಊರಿನ ಉತ್ಸವ ಅದರ ಪುಟ್ಟ ನಕಲಾಗಬೇಕಿಲ್ಲ. ಮೂರು ದಿನದಲ್ಲಿ ಐದು ಚಿತ್ರ ಸಾಕು. ಒಂದು ಚಿತ್ರ ನೋಡಿ, ಊಟ ಮಾಡಿ, ಅ‍ದರ ಬಗ್ಗೆ ಮಾತಾಡುವಷ್ಟು ಹೊತ್ತು ಉಳಿಯಬೇಕು. ಚಿತ್ರ ಮಾಡಿದವರೊಬ್ಬರು ಬಂದು ಜಗಲಿಯಲ್ಲಿ ಕೂತರೆ ಇನ್ನೂ ಒಳ್ಳೆಯದು.

ಕೆಲಸ ಸುಲಭವೆಂದೇನಲ್ಲ. ಚಿತ್ರ ಈಗ ಡಬ್ಬಿಯಲ್ಲಿ ಬರುವುದಿಲ್ಲ, ಹಾರ್ಡ್‌ಡಿಸ್ಕಿನಲ್ಲಿ ಬರುತ್ತದೆ. ಚಿತ್ರಮಂದಿರದ ಪ್ರತಿಯಾದರೆ ಅದಕ್ಕೊಂದು ಡಿಜಿಟಲ್ ಬೀಗ; ಇಂಥ ದಿನದಿಂದ ಇಂಥ ದಿನದವರೆಗೆ, ಇಂಥದೇ ಯಂತ್ರದಲ್ಲಿ ಎಂದು ಅದರ ಕೀಲಿಕೈ ಬೇರೆಯಾಗಿ ಬರಬೇಕು. ನಿರ್ಮಾಪಕರ ಒಪ್ಪಿಗೆ ಬರಹದಲ್ಲಿರಬೇಕು. ಡೌನ್‌ಲೋಡ್ ಮಾಡಿಕೊಂಡ ಪ್ರತಿ ತೋರಿಸುವುದೆಂದರೆ ಹೊಟ್ಟೆಬಟ್ಟೆ ಕಟ್ಟಿ ಚಿತ್ರ ಮಾಡಿದವರ ಜೇಬಿಗೆ ಕೈಹಾಕಿದಂತೆ. ಬೇರೆ ಭಾಷೆಯ ಚಿತ್ರವಾದರೆ ಕನ್ನಡದ ಅಡಿಬರಹ ಬೇಕು; ಇಂಗ್ಲಿಷ್ ಓದಲಾಗದವರನ್ನು ಹೊರಗಿಟ್ಟು ನಡೆಸುವ ಊರ ಉತ್ಸವಕ್ಕೆ ಅರ್ಥವಿಲ್ಲ. ಹೊಸ ಚಿತ್ರಗಳ ನಡುವೆ ಹಳೆಯದೊಂದು ಇರಲೇಬೇಕು. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಮೂಲ ನೆಗೆಟಿವಿನಿಂದ ಪುನರುಜ್ಜೀವನಗೊಳಿಸಿವೆ; 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ತೆರೆಕಂಡಿತು. ಯಮುನಕ್ಕ ಮತ್ತು ನಾಣಿಯ ಆ ಕಪ್ಪುಬಿಳುಪು ಮಲೆನಾಡನ್ನು ತೀರ್ಥಹಳ್ಳಿಯ ಇಂದಿನ ಹುಡುಗ-ಹುಡುಗಿಯರು ದೊಡ್ಡ ಪರದೆಯ ಮೇಲೆ ನೋಡಬೇಕು.

ದಿನ ಗೊತ್ತುಮಾಡುವಾಗ ಪೇಟೆಯ ಕ್ಯಾಲೆಂಡರ್ ನೋಡಬಾರದು, ಊರಿನದು ನೋಡಬೇಕು. ಮಲೆನಾಡಿನಲ್ಲಾದರೆ ಮಳೆಗಾಲ ಆಗದು. ಕೊನೆಕೊಯ್ಲು, ಸುಲಿತ, ಬೇಯಿಸಿ ಒಣಗಿಸುವ ದಿನಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕೊಪ್ಪಳದ ಕಡೆಯಾದರೆ ಸುಗ್ಗಿ ಮುಗಿಯಬೇಕು. ಶಾಲೆಯ ಪರೀಕ್ಷೆ, ಊರದೇವರ ತೇರು, ಪಕ್ಕದೂರಿನ ಬಯಲಾಟ ಎಲ್ಲವನ್ನೂ ತಪ್ಪಿಸಿ ಒಂದು ಶನಿವಾರ ಸಿಗುತ್ತದೆ. ಚಾಪೆ ಹಾಸಿ, ಹೆಂಗಸರು ಕತ್ತಲಲ್ಲಿ ಮನೆಗೆ ಹೋಗಲು ಗಾಡಿಯ ಏರ್ಪಾಡು ಮಾಡಿ, ಚಿತ್ರದ ಬಗ್ಗೆ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡದವರೊಬ್ಬರ ಕೈಗೆ ಮೈಕು ಕೊಟ್ಟು, ದೀಪ ಆರಿಸಬೇಕು. ಚಿತ್ರ ಮುಗಿದು ಜನ ಕಂಬಳಿ ಕೊಡವಿ ಏಳುವ ಮೊದಲೇ ಮುಂದಿನ ಚಿತ್ರ ಯಾವುದು, ಯಾವತ್ತು ಎಂದು ಹೇಳಿಬಿಡಬೇಕು.